ಬಾಜೂ ಮನೆಯ ಕಿಡಕಿ, ನಮ್ಮ ಬಚ್ಚಲು

ಗೋಕಾಕದ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಮಹಡಿ ಕಟ್ಟಿಸಿದವರು ಬಾಜೂ ಮನೆಯ ಕಾಕಾ. ಬಜಾರದಲ್ಲಿ ಅವರದು ಅರಿವೆ ಅಂಗಡಿ. ನನ್ನ ಮಾವ ಬದುಕಿದ್ದಾಗ ಇಬ್ಬರೂ ಒಡಹುಟ್ಟಿದವರಂತೆ ಇದ್ದರೆಂದು ಅತ್ತೆ ಹೇಳುತ್ತಿದ್ದರು. ಮಹಡಿ ಮುಗಿದ ದಿನ ಕಾಕಾ ಓಣಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ನಾವೂ ಹೋಗಿ ಹೊಟ್ಟೆ ತುಂಬ ಉಂಡು, ಹರಸಿ ಬಂದೆವು. ಮರುದಿನ ಮುಂಜಾನೆ ಜಳಕಕ್ಕೆಂದು ಹಿತ್ತಿಲಿಗೆ ಹೋದ ಅತ್ತೆ, ತಂಬಿಗೆ ಹಿಡಿದವರು ಹಾಗೇ ನಿಂತುಬಿಟ್ಟರು. ಹೊಸ ಗೋಡೆಯ ನಡುವೆ, ನಮ್ಮ ಬಚ್ಚಲಿನ ನೇರ ಮೇಲೆ ಒಂದು ಕಿಡಕಿ ಇತ್ತು. ಕಟ್ಟುವಾಗ ಅಲ್ಲಿ ಗೋಣಿ ತಟ್ಟು ಇಳಿಬಿಟ್ಟಿದ್ದರು. ಗೋಡೆಗೆ ಮೆತ್ತಿದ ಗಿಲಾಯಿ ಒಣಗಲೆಂದು ಹೀಗೆ ಮಾಡಿರಬೇಕು ಅಂದುಕೊಂಡಿದ್ದೆವು.

ನಮ್ಮ ಬಚ್ಚಲೆಂದರೆ ದೊಡ್ಡದೇನಲ್ಲ. ಹಿತ್ತಿಲ ಮೂಲೆಯಲ್ಲಿ ಒಂದು ಚಪ್ಪಡಿ ಕಲ್ಲು, ಸುತ್ತ ಎದೆಮಟ್ಟದ ಮಣ್ಣಿನ ಗೋಡೆ, ಬಾಗಿಲಿನ ಬದಲು ಒಂದು ಗೋಣಿ ತಟ್ಟು, ಪಕ್ಕದಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ. ಮೇಲೆ ಬರೀ ಆಕಾಶ. ಅಷ್ಟು ವರ್ಷ ಅದು ಯಾರಿಗೂ ಕಡಿಮೆ ಅನ್ನಿಸಿರಲಿಲ್ಲ, ಏಕೆಂದರೆ ಮೇಲಿನಿಂದ ನೋಡುವವರು ಕಾಗೆ ಗುಬ್ಬಿ ಬಿಟ್ಟರೆ ಯಾರೂ ಇರಲಿಲ್ಲ. ನಾನು ಹುಕ್ಕೇರಿಯಿಂದ ಮದುವೆಯಾಗಿ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ನನ್ನ ತವರಿನ ಬಚ್ಚಲು ಮನೆಯೊಳಗೇ ಇತ್ತು. ಕತ್ತಲೆ, ಕಣ್ಣು ಉರಿಯುವಷ್ಟು ಹೊಗೆ, ಆದರೂ ನಾಲ್ಕು ಗೋಡೆ ಇದ್ದವು. ಗೋಕಾಕದ ಆಕಾಶದ ಕೆಳಗಿನ ಬಚ್ಚಲಿಗೆ ನಾನು ಆಗಷ್ಟೇ ಹೊಂದಿಕೊಂಡಿದ್ದೆ.

ಆ ಮಹಡಿಯ ಖೋಲಿಯಲ್ಲಿ ಕಾಕಾ ಅರಿವೆಯ ಗಂಟುಗಳನ್ನು ಇಟ್ಟರು. ಅಂಗಡಿಯ ಆಳುಗಳು ಹೊತ್ತೇರಿದಾಗಿನಿಂದ ದೀಪ ಹಚ್ಚುವವರೆಗೆ ಮೇಲೆ ಕೆಳಗೆ ಓಡಾಡುತ್ತಿದ್ದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಕಿಡಕಿಯ ಬಳಿ ಒಂದು ನೆರಳು ಸುಳಿದರೆ ಸಾಕು, ಕೆಳಗೆ ಕೂತವರ ಜೀವ ಹಿಡಿಯಷ್ಟಾಗುತ್ತಿತ್ತು. ಅತ್ತೆ ಗೋಡೆಯ ಮೇಲಿನಿಂದಲೇ ಕಾಕಾನ ಹೆಂಡತಿ ಕಾಕುಗೆ ವಿಷಯ ಹೇಳಿದರು. ಕಾಕು ಮೆತ್ತಗಿನ ಹೆಂಗಸು. "ಹೇಳ್ತೇನ್ರಿ ವೈನಿ" ಎಂದು ಒಳಗೆ ಹೋದರು. ಸಂಜೆ ಕಾಕಾನೇ ನಮ್ಮ ಕಟ್ಟೆಗೆ ಬಂದು ಕೂತರು.

"ವೈನಿ, ಗಾಳಿ ಬೆಳಕಿಗೆ ಅಂತ ಕಿಡಕಿ ಇಟ್ಟೇನಿ. ಅರಿವಿಗೆ ಗಾಳಿ ಆಡಲಿಲ್ಲ ಅಂದ್ರ ಮುಗ್ಗಸು ಹಿಡೀತಾವು. ಮುನಸಿಪಾಲಿಟಿಯವರು ನಕಾಶೆ ನೋಡಿ ಪರವಾನಗಿ ಕೊಟ್ಟಾರ. ಕಾಯದೇಶೀರ ಐತಿ."

"ಕಾಯದೆ ನನಗ ತಿಳಿಯಂಗಿಲ್ಲ. ಹೆಣ್ಣಮಕ್ಕಳು ಜಳಕ ಮಾಡೂ ಜಾಗಾ ಅದು," ಎಂದರು ಅತ್ತೆ.

"ಯಾರ ನೋಡಾಕ ನಿಂತಿರ್ತಾರ ವೈನಿ? ನಮ್ಮ ಹುಡುಗರು ಹಂಗಲ್ಲ," ಎಂದು ಕಾಕಾ ಎದ್ದು ಹೋದರು. ಸಿಟ್ಟಿನಿಂದಲ್ಲ. ತಾವು ಹೇಳಿದ್ದರಲ್ಲಿ ಅವರಿಗೆ ಪೂರ್ತಿ ನಂಬಿಕೆ ಇತ್ತು.

ಅಂದಿನಿಂದ ನಾನೂ ಅತ್ತೆಯೂ ಕೋಳಿ ಕೂಗುವ ಮೊದಲೇ ಎದ್ದು ಜಳಕ ಮುಗಿಸತೊಡಗಿದೆವು. ನನ್ನ ಗಂಡ ಘಟಪ್ರಭಾ ಕಾಲುವೆಯ ಕೆಲಸದ ಮೇಲಿದ್ದರು. ರವಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವರು ಎರಡು ಬಿದಿರು ನೆಟ್ಟು ಮೇಲೆ ಇನ್ನೊಂದು ತಟ್ಟು ಕಟ್ಟಿದರು. ಮೊದಲ ಗಾಳಿಗೆ ಅದು ಹಾರಿ ಹೋಗಿ ಕಾಕಾನ ಹಿತ್ತಿಲಲ್ಲಿ ಬಿತ್ತು. ಕಾಕು ಅದನ್ನು ಮಡಿಚಿ ಗೋಡೆಯ ಮೇಲಿಂದ ನಮಗೆ ಕೊಟ್ಟರು.

ಹೀಗೇ ನಡೆಯುತ್ತಿತ್ತೇನೋ. ಆದರೆ ಮೂಡಲಗಿಯಿಂದ ಸುದ್ದಿ ಬಂತು: ಅಲ್ಲಿಗೆ ಕೊಟ್ಟಿದ್ದ ನನ್ನ ನಾದಿನಿ ಬಸುರಿ, ಚೊಚ್ಚಲ ಹೆರಿಗೆ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಅತ್ತೆ ಖುಷಿಯಲ್ಲಿ ಬೆಲ್ಲ ಹಂಚಿದರು. ಹಂಚಿ ಬಂದು ಹಿತ್ತಿಲ ಬಾಗಿಲಲ್ಲಿ ಕೂತು ಬಚ್ಚಲನ್ನೇ ನೋಡುತ್ತಾ ಉಳಿದರು. ಬಾಣಂತಿಯ ನೀರೆಂದರೆ ಒಂದು ತಂಬಿಗೆ ಸುರಿದುಕೊಂಡು ಏಳುವ ಮಾತಲ್ಲ. ಮೈಗೆ ಎಣ್ಣೆ ತಿಕ್ಕಬೇಕು, ಹಂಡೆಗಟ್ಟಲೆ ಕುದಿನೀರು ಹೊಯ್ಯಬೇಕು, ಕೂಸಿಗೂ ಹೊಯ್ಯಬೇಕು. ಹೊತ್ತೇರಿದ ಮೇಲೆ, ಬಿಸಿಲು ಬಂದ ಮೇಲೆ ಆಗುವ ಕೆಲಸ. ನಸುಕಿನ ಚಳಿಯಲ್ಲಿ, ಆಕಾಶದ ಕೆಳಗೆ, ಹಸಿ ಬಾಣಂತಿಯನ್ನು ಹೇಗೆ ಕೂರಿಸುವುದು? ಹಗಲಲ್ಲಿ ಕೂರಿಸಿದರೆ ಆ ಕಿಡಕಿ.

"ಬಚ್ಚಲಮನಿ ಕಟ್ಟೂದು," ಎಂದರು ಅತ್ತೆ. "ಗ್ವಾಡಿ, ಮಾಡು, ಕದಾ, ಎಲ್ಲಾ ಇರೂವಂಥಾದ್ದು. ಮನಿ ನನ್ನ ಹೆಸರಿಲೆ ಐತಿ. ನೀ ಮುಲ್ಕಿ ಪಾಸಾದಾಕಿ. ಅರ್ಜಿ ಬರಿ. ನಾ ಹೆಬ್ಬಟ್ಟ ಒತ್ತತೇನಿ."

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದು ನನಗೆ ಅಲ್ಲಿಯವರೆಗೆ ಕಿರಾಣಿ ಚೀಟಿ ಬರೆಯಲು ಮಾತ್ರ ಉಪಯೋಗಕ್ಕೆ ಬಂದಿತ್ತು. ಮರುದಿನ ತಲೆಯ ಮೇಲೆ ಸೆರಗು ಹೊದ್ದು ಅತ್ತೆಯ ಜೊತೆ ಪುರಸಭೆಗೆ ಹೋದೆ. ಅಲ್ಲಿಯ ಕಾರಕೂನರು ಎಲೆ ಅಡಿಕೆ ಮೆಲ್ಲುತ್ತ ಅರ್ಜಿ ಓದಿದರು. ಮತ್ತೊಮ್ಮೆ ಓದಿದರು.

"ಬಚ್ಚಲಕ್ಕ ಪರವಾನಗಿ? ಯಾರೂ ಕೇಳೂದಿಲ್ರಿ ಬಾಯಾರ. ಸುಮ್ಮನ ಕಟ್ಟಿಬಿಡ್ತಾರ."

"ಕೇಳದ ಕಟ್ಟಿದ್ರ ಬಾಜೂದವರು ಕೆಡವಸ್ತಾರ್ರಿ," ಎಂದೆ. "ಅವರ ಕಿಡಕಿಗೆ ಪರವಾನಗಿ ಐತಿ. ನಮ್ಮ ಬಚ್ಚಲಕ್ಕೂ ಬೇಕು."

"ಗಂಡಸರು ಯಾರೂ ಇಲ್ಲೇನ?"

"ಅದಾನ," ಎಂದರು ಅತ್ತೆ. "ಕಾಲವಿ ಕೆಲಸದ ಮ್ಯಾಲ ಅದಾನ. ಅಲ್ಲಿ ಅಂವಗ ಜಳಕ ಮಾಡಾಕ ಕಾಲವಿ ಐತಿ. ಬಚ್ಚಲಾ ನಮಗ ಬೇಕಾಗೇತಿ."

ಆಚೆ ಮೇಜಿನಲ್ಲಿದ್ದವರು ನಕ್ಕರು. ಕಾರಕೂನರೂ ನಕ್ಕರು, ಆದರೆ ಅರ್ಜಿ ತೆಗೆದುಕೊಳ್ಳಲಿಲ್ಲ. ಏಕೀಕರಣವಾಗಿ ನಾವು ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಹೊಸತು. ಹಳೆಯ ಫಾರಂ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಹೊಸದು ಇನ್ನೂ ಬಂದಿಲ್ಲ ಎಂದರು. ನಾವು ಎದ್ದು ಹೋಗಲಿಲ್ಲ. ಅತ್ತೆ ಬಾಗಿಲ ಬಳಿ ಕೂತು ಎಲೆಯ ಸಂಚಿ ಬಿಚ್ಚಿದರು, ಕಾರಕೂನರಿಗೂ ಎರಡು ಎಲೆ ಮಡಿಚಿ ಕಳಿಸಿದರು. ಹೊತ್ತು ನೆತ್ತಿಗೆ ಬಂದಾಗ ಅವರು ಕೈಚಾಚಿ, "ಕೊಡ್ರಿ ಇಲ್ಲೆ. ಹಳೇ ಫಾರಂದಾಗ ಮುಂಬೈ ಹೊಡದ ಹಾಕಿ ಮೈಸೂರು ಅಂತ ಬರೀತೇನಿ. ಆದ್ರ ನಕಾಶೆ ಬೇಕು. ನಕಾಶೆ ಇಲ್ಲದ ಮುಂದ ಹೋಗಂಗಿಲ್ಲ," ಎಂದರು.

ನಕಾಶೆಗೆ ನಾನು ಹುಕ್ಕೇರಿಗೆ ಹೋದೆ. ನನ್ನ ಅಣ್ಣ ಅಲ್ಲಿಯ ಸಾಲಿಯಲ್ಲಿ ಚಿತ್ರಕಲೆಯ ಮಾಸ್ತರ. ಹಿತ್ತಿಲನ್ನೆಲ್ಲ ನಾನೂ ಅತ್ತೆಯೂ ಹಗ್ಗ ಹಿಡಿದು ಅಳೆದು, ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆವು. ಅಣ್ಣ ದೊಡ್ಡ ಕಾಗದ ಹಾಸಿ, ಪಟ್ಟಿ ಇಟ್ಟು ಗೆರೆ ಎಳೆದ. ಮನೆ, ಹಿತ್ತಿಲು, ಬಚ್ಚಲು, ಒಲೆ, ಹೊಗೆ ಹೋಗುವ ಕೊಳವೆ, ಓಣಿಯ ಗಟಾರದವರೆಗೆ ಮುಚ್ಚಿದ ಮೋರಿ. ಮುಗಿಯಿತೆಂದು ಪೆನ್ಸಿಲ್ ಕೆಳಗಿಟ್ಟ.

"ಅಣ್ಣಾ, ಆ ಕಿಡಕಿ?" ಎಂದೆ.

"ಅದು ನಿಮ್ಮದಲ್ಲಲ್ಲ."

"ನಮ್ಮದಲ್ಲ. ಆದ್ರ ನಮ್ಮ ಬಚ್ಚಲದ ಮ್ಯಾಲ ಐತಿ. ಅದರ ಚಿತ್ರಾನೂ ತಗಿ."

"ಬಾಜೂ ಮನಿದು ತೋರಸೂ ರೂಢಿ ಇಲ್ಲವಾ."

"ರೂಢಿ ಇಲ್ಲಂದ್ರ ಇರಲಿ. ಕಾಣೂದನ್ನ ತಗಿಯಾಕ ಯಾರ ಬ್ಯಾಡ ಅಂತಾರ?"

ಅಣ್ಣ ನನ್ನ ಮುಖ ನೋಡಿದ. ಸಣ್ಣವಳಿದ್ದಾಗ ಅವನ ಎದುರು ಜೋರಾಗಿ ಮಾತಾಡಿದವಳಲ್ಲ ನಾನು. ಅವನು ಪೆನ್ಸಿಲ್ ಎತ್ತಿಕೊಂಡು, ಪಕ್ಕದ ಗೋಡೆಯಲ್ಲಿ ಕಿಡಕಿ ಬರೆದು, ಅಲ್ಲಿಂದ ಬಚ್ಚಲ ಕಲ್ಲಿಗೆ ತುಂಡು ತುಂಡಾದ ಒಂದು ಗೆರೆಯನ್ನೂ ಎಳೆದ. "ಇದು ನೋಟದ ಗೆರಿ," ಎಂದ. ಆ ನಕಾಶೆಯನ್ನು ಸುರುಳಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಗೋಕಾಕಕ್ಕೆ ಬಂದೆ. ಕಿಡಕಿಯ ಪಕ್ಕ ಕೂತಿದ್ದ ಮುದುಕಿಯೊಬ್ಬಳು, "ಏನವ್ವ ಅದು, ಪಂಚಾಂಗೇನ?" ಎಂದು ಕೇಳಿದಳು. "ನಮ್ಮ ಬಚ್ಚಲಾ ಆಯಿ," ಎಂದೆ. ಅವಳು ನನ್ನಿಂದ ಸ್ವಲ್ಪ ದೂರ ಸರಿದು ಕೂತಳು.

ಕಾರಕೂನರು ನಕಾಶೆ ಬಿಚ್ಚಿ ನೋಡಿ, "ಇದು ಯಾರ ಕಿಡಕಿ?" ಎಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ನಕಾಶೆಯನ್ನು ಒಳಗಿನ ಖೋಲಿಗೆ, ಓವರ್ಸಿಯರ್ ಸಾಹೇಬರಿಗೆ ತೋರಿಸಲು ಒಯ್ದರು. ಬಂದು, "ಬಾಜೂದವರಿಗೆ ತಿಳಸ್ತೇವಿ. ತಕರಾರು ಇದ್ರ ಅವರು ಹೇಳಬೇಕು. ಆಮ್ಯಾಲ ಜಾಗಾ ನೋಡಾಕ ಬರತೇವಿ," ಎಂದರು.

ಕಾಕಾ ತಕರಾರು ಹಾಕಿದರು. ಬಚ್ಚಲಮನೆ ಎದ್ದರೆ ಒಲೆಯ ಹೊಗೆ ನೇರ ಅವರ ಕಿಡಕಿಗೆ ನುಗ್ಗಿ ಅರಿವೆಯೆಲ್ಲ ಕಪ್ಪಾಗುತ್ತದೆ ಎಂಬುದು ಅವರ ಮಾತು. ಅದನ್ನು ಕೇಳಿ ಅತ್ತೆ, "ಅಂದ್ರ ನಮ್ಮ ಮನಿ ಹೊಗಿ ಅವರಿಗೆ ಕಾಣತೈತಿ, ನಾವು ಕಾಣಂಗಿಲ್ಲ!" ಎಂದರು. ಅಷ್ಟರಲ್ಲಿ ನಾದಿನಿ ಮೂಡಲಗಿಯಿಂದ ಬಂದಳು. ತುಂಬಿದ ಹೊಟ್ಟೆ ಹೊತ್ತು ಹಿತ್ತಿಲಿಗೆ ಹೋದವಳು, ಕಿಡಕಿ ನೋಡಿ, ಕಾಲು ತೊಳೆಯದೆಯೇ ಒಳಗೆ ಬಂದಳು.

"ಯವ್ವಾ, ನನ್ನ ವಾಪಸ್ ಕಳಿಸು. ಅಲ್ಲೇ ಹಡೀತೇನಿ. ನಮ್ಮತ್ತಿ ಮನ್ಯಾಗ ಬಚ್ಚಲಾರ ಐತಿ."

ಅತ್ತೆ ಬಹಳ ಗಟ್ಟಿ ಹೆಂಗಸು. ಮಾವ ತೀರಿಕೊಂಡಾಗಲೂ ಅಡಿಗೆಮನೆ ನಿಲ್ಲಿಸಲಿಲ್ಲವಂತೆ. ಅಂದು ಮಗಳ ಮಾತು ಕೇಳಿ ಮಾತ್ರ ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. ಮಗಳು ಚೊಚ್ಚಲ ಹೆರಿಗೆಗೆ ತವರು ಬಿಟ್ಟು ಹೋದಳೆಂದರೆ ಓಣಿ ಏನೆಂದೀತು ಎನ್ನುವುದಕ್ಕಿಂತ, ಹೋಗುತ್ತೇನೆ ಎಂದವಳ ಮಾತು ಸರಿಯಿತ್ತು ಎನ್ನುವುದೇ ಅವರಿಗೆ ನೋವಾಗಿತ್ತು. "ತಡಿ," ಎಂದರು ಕಡೆಗೆ. "ಸಾಹೇಬರು ಬಂದ ಹೋಗಲಿ. ಆಮ್ಯಾಲ ಹೋಗೂದಾದ್ರ ನಾನ ಬಸ್ಸ ಹತ್ತಸ್ತೇನಿ."

ಓವರ್ಸಿಯರ್ ಸಾಹೇಬರು ಒಂದು ಮುಂಜಾನೆ ಕೊಡೆ ಹಿಡಿದು ಬಂದರು. ಹಿಂದೆ ಟೇಪು ಹಿಡಿದುಕೊಂಡು ನಮ್ಮ ಕಾರಕೂನರು. ವಯಸ್ಸಾದ, ಹೆಚ್ಚು ಮಾತಿಲ್ಲದ ಅಧಿಕಾರಿ. ಹಿತ್ತಿಲು ಅಳೆದರು, ಗಟಾರ ನೋಡಿದರು, ನಕಾಶೆಯ ಜೊತೆ ತಾಳೆ ಹಾಕಿದರು. ತಪ್ಪು ಸಿಗಲಿಲ್ಲ. ಅಷ್ಟರಲ್ಲಿ ಕಾಕಾ ಅಂಗಡಿ ಬಿಟ್ಟು ಬಂದರು.

"ಇಲ್ಲೆ ನಿಂತ ಏನ ತಿಳೀತೈತ್ರಿ ಸಾಹೇಬರ? ಮ್ಯಾಲ ಬರ್ರಿ. ನನ್ನ ಕಿಡಕಿ ಎಷ್ಟ ಸಮೀಪ ಐತಿ, ಹೊಗಿ ಹೆಂಗ ಬರ್ತೈತಿ, ಅಲ್ಲಿಂದ ನೋಡ್ರಿ."

"ನಡೀರಿ, ನೋಡೂಣು," ಎಂದರು ಓವರ್ಸಿಯರ್. "ಅರ್ಜಿ ಕೊಟ್ಟವರ ಕಡೆಯಿಂದ ಒಬ್ಬರು ಬರ್ರಿ."

ಅತ್ತೆ ನನ್ನ ಬೆನ್ನು ತಟ್ಟಿ, "ನೀ ಹೋಗು ತಂಗಿ. ನನ್ನ ಮೊಣಕಾಲಿಗೆ ಆ ಪಾವಟಿಗಿ ಆಗಂಗಿಲ್ಲ," ಎಂದರು.

ಕಾಕಾನ ಹೊಸ ಮಹಡಿಗೆ ನಾನು ಹತ್ತಿದ್ದು ಅಂದೇ ಮೊದಲು. ಗಂಜಿಯ ಹೊಸ ಅರಿವೆಯ ವಾಸನೆ, ಗೋಡೆಗುಂಟ ಗಂಟುಗಳು. ಇಬ್ಬರು ಆಳುಗಳು ನೆಲದ ಮೇಲೆ ಕೂತು ಸೀರೆ ಎಣಿಸುತ್ತಿದ್ದರು. ಕಾಕು ನಮ್ಮ ಹಿಂದೆಯೇ ಹತ್ತಿ ಬಂದಿದ್ದರು. ಅರ್ಧ ಮುಚ್ಚಿದ್ದ ಕಿಡಕಿಯ ಎರಡೂ ಕದಗಳನ್ನು ಅವರೇ ಪೂರ್ತಿ ತೆಗೆದರು. ಓವರ್ಸಿಯರ್ ಬಗ್ಗಿ ಕೆಳಗೆ ನೋಡಿದರು. ನೋಡಿದವರೇ ತಟ್ಟನೆ ತಲೆ ಹಿಂದಕ್ಕೆ ಎಳೆದುಕೊಂಡರು.

ಏನಾಯಿತೆಂದು ನಾನೂ ನೋಡಿದೆ. ಕೆಳಗೆ ಬಚ್ಚಲ ಕಲ್ಲಿನ ಮೇಲೆ ಅತ್ತೆ ಕೂತಿದ್ದರು. ಉಟ್ಟ ಇಳಕಲ್ ಸೀರೆ ಉಟ್ಟಂತೆಯೇ ಇತ್ತು, ಸೆರಗು ತಲೆಯ ಮೇಲಿತ್ತು, ಕೈಯಲ್ಲಿ ತಂಬಿಗೆ. ಬಾಗಿಲ ತಟ್ಟನ್ನು ಸರಿಯಾಗಿ ಇಳಿಬಿಟ್ಟಿದ್ದರು. ಹಿತ್ತಿಲಲ್ಲಿ ನಿಂತವರಿಗೆ ಅವರು ಕಾಣಲು ಸಾಧ್ಯವಿರಲಿಲ್ಲ. ಮೇಲಿನಿಂದ ಅವರ ಕೊರಳಿನ ಲಿಂಗದ ಕರಡಿಗೆ, ಮುಂಗೈ ಮೇಲಿನ ಹಸಿರು ಹಚ್ಚೆ, ಎಲ್ಲ ಕಾಣುತ್ತಿದ್ದವು. ಇಷ್ಟು ದಿನ ನಾನು ಕೂತದ್ದು ಇಲ್ಲೇ ಎಂದು ನೆನೆದು ನನ್ನ ಕಿವಿ ಬಿಸಿಯಾದವು. ಅತ್ತೆ ಮುಖ ಎತ್ತಿದರು.

"ಸಾಹೇಬರ, ಕಾಣತೈತೇನ್ರಿ?"

ಓವರ್ಸಿಯರ್ ಕಿಡಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ಹೇಳ್ರಲಾ. ಸಂಕೋಚ ಯಾಕ? ನಾ ಮುದಕಿ, ಸೀರಿ ಉಟ್ಟ ಕುಂತೇನಿ. ನಾಳೆ ನನ್ನ ಮಗಳು, ಹಸಿ ಬಾಣಂತಿ, ಇಲ್ಲೇ ಕುಂದ್ರಾಕಿ. ಆಗ ಎಷ್ಟ ಕಾಣತೈತಿ ಅದನ್ನೂ ನೋಡ್ಕೋರಿ."

ಸೀರೆ ಎಣಿಸುತ್ತಿದ್ದ ಆಳುಗಳು ತಲೆ ತಗ್ಗಿಸಿದರು. ಓವರ್ಸಿಯರ್ ಅವರತ್ತ ತಿರುಗಿ, "ನೀವು ಸ್ವಲ್ಪ ಕೆಳಗ ಹೋಗ್ರಪ್ಪಾ," ಎಂದರು. ಅವರು ಸಂತೆಯಲ್ಲಿ ಬಿಟ್ಟ ಕರುಗಳಂತೆ ಒಬ್ಬರನ್ನೊಬ್ಬರು ದಬ್ಬಿಕೊಂಡು ಇಳಿದು ಹೋದರು.

ಕಾಕಾ ಗಂಟಲು ಸರಿಪಡಿಸಿಕೊಂಡರು. "ಅದೆಲ್ಲಾ ಖರೆ ಐತ್ರಿ ಸಾಹೇಬರ. ಆದ್ರ ಹೊಗಿ..."

ಆಗ ಕಾಕು ಮಾತಾಡಿದರು. ಗಂಡನ ಎದುರು, ಹೊರಗಿನವರ ಎದುರು ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ. "ಹೊಗಿ ಬಂದ್ರ ನಾ ಕಿಡಕಿ ಹಾಕ್ಕೋತೇನ್ರಿ. ಹೊಗಿಯಿಂದ ಅರಿವಿ ಕೆಟ್ರ ಒಗೀಬಹುದು. ಹೆಣ್ಣಮಕ್ಕಳ ಮಾನ ಒಗ್ಯಾಕ ಬರ್ತೈತೇನ್ರಿ?"

ಕಾಕಾ ಹೆಂಡತಿಯನ್ನು ನೋಡಿದರು. ಆಮೇಲೆ ಕಿಡಕಿಯ ಹತ್ತಿರ ಬಂದು ತಾವೂ ಕೆಳಗೆ ನೋಡಿದರು. ಮಹಡಿ ಕಟ್ಟಿಸಿದಾಗಿನಿಂದ ಅವರು ಆ ಕಿಡಕಿಯಲ್ಲಿ ನಿಂತು ಒಮ್ಮೆಯೂ ಕೆಳಗೆ ನೋಡಿರಲಿಲ್ಲ ಎನ್ನುವುದು ಅವರ ಮುಖದಿಂದಲೇ ನನಗೆ ಗೊತ್ತಾಯಿತು. ಅತ್ತೆ ಇನ್ನೂ ತಂಬಿಗೆ ಹಿಡಿದು ಮೇಲೆ ನೋಡುತ್ತಿದ್ದರು. "ವೈನಿ, ಏಳ್ರಿ," ಎಂದರು ಕಾಕಾ. ದನಿ ಸಣ್ಣದಾಗಿತ್ತು. "ಏಳ್ರಿ, ಸಾಕು."

"ನಿಮ್ಮ ನಕಾಶೆ ಪಾಸ್ ಮಾಡಿದಾಂವ ನಾನ," ಎಂದರು ಓವರ್ಸಿಯರ್. "ಅದರಾಗ ಈ ಗ್ವಾಡಿ ಇತ್ತು, ಕಿಡಕಿ ಇತ್ತು. ಗ್ವಾಡಿ ಆಚೆ ಏನ ಐತಿ ಅನ್ನೂದು ಇದ್ದಿದ್ದಿಲ್ಲ. ಇವರ ನಕಾಶೆದಾಗ ಅದು ಐತಿ." ನನ್ನ ಕಡೆ ತಿರುಗಿ, "ಹೊಗಿ ಕೊಳವಿ ಈ ಕಿಡಕಿಗಿಂತ ಎತ್ತರ ಇರಬೇಕು. ಮೋರಿ ಪೂರಾ ಮುಚ್ಚಬೇಕು. ಇಷ್ಟ ಮಾಡ್ರಿ. ನಾಳೆ ಬಂದ ಪರವಾನಗಿ ತಗೊಂಡ ಹೋಗ್ರಿ," ಎಂದರು.

ಪಾವಟಿಗೆ ಇಳಿಯುವಾಗ ನನ್ನ ಕಾಲು ನೆಲಕ್ಕೆ ತಾಗಿದವೋ ಇಲ್ಲವೋ ನೆನಪಿಲ್ಲ. ಅತ್ತೆ ಆಗಲೇ ಒಲೆಯ ಮುಂದೆ ಕೂತು ಚಹಾ ಕುದಿಸುತ್ತಿದ್ದರು, ಏನೂ ಆಗಿಲ್ಲವೆಂಬಂತೆ. ನಾದಿನಿ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳು ಆ ಮೇಲೆ ಮೂಡಲಗಿಯ ಮಾತು ಎತ್ತಲಿಲ್ಲ.

ಪರವಾನಗಿ ತರಲು ಮರುದಿನ ನಾನೊಬ್ಬಳೇ ಹೋದೆ. ಕಾರಕೂನರು ಎದ್ದು ನಿಂತು ಕೊಟ್ಟರು. "ಬಾಯಾರ, ನಮ್ಮ ಮನಿ ನಕಾಶೆನೂ ನಿಮ್ಮ ಅಣ್ಣಾರ ಕಡೆ ತಗಸಬೇಕಾಗೇತಿ. ನಮ್ಮಾಕಿ ನಿನ್ನೆಯಿಂದ ಬೆನ್ನ ಬಿಟ್ಟಿಲ್ಲ," ಎಂದರು. ನಾನು ಬಜಾರದ ನಡುವೆಯೇ ಹಾದು ಮನೆಗೆ ಬಂದೆ. ಹಿಂದಿನ ಸಂದಿಯಿಂದ ಬಂದಿದ್ದರೆ ಹತ್ತಿರವಾಗುತ್ತಿತ್ತು. ಆದರೆ ಅಂದು ನನಗೆ ದೂರದ ದಾರಿಯೇ ಬೇಕಿತ್ತು.

ಕಟ್ಟುವ ಕೆಲಸ ಶುರುವಾಯಿತು. ಗೌಂಡಿ ಗೋಡೆ ಎಬ್ಬಿಸಿದ, ಆದರೆ ನೆಲಕ್ಕೆ ಮೋರಿಗೆ ಸಿಮೆಂಟು ಬೇಕು ಎಂದ. ಆಗ ಸಿಮೆಂಟಿಗೂ ಸರಕಾರದ ಪರ್ಮಿಟ್ ಬೇಕಿತ್ತು. ಮಾಮಲೇದಾರ ಕಚೇರಿಯಲ್ಲಿ ವಿಚಾರಿಸಿದರೆ ಬಾಣಂತನ ಮುಗಿದ ಮೇಲೆ ಸಿಗುವಂತಿತ್ತು. ಅತ್ತೆಯೂ ನಾನೂ ಇನ್ನೊಂದು ಕಚೇರಿಯ ಬಾಗಿಲಲ್ಲಿ ಕೂರಲು ಸಂಚಿ ತುಂಬಿಕೊಳ್ಳುತ್ತಿದ್ದಾಗ, ಕಾಕಾನ ಆಳುಗಳು ಸಿಮೆಂಟಿನ ಚೀಲ ಹೊತ್ತು ಹಿತ್ತಿಲಿಗೆ ಬಂದರು. ಹಿಂದೆ ಕಾಕಾ.

"ಮಹಡಿ ಕಟ್ಟಿಸಿ ಉಳದದ್ದು," ಎಂದರು, ಯಾರ ಮುಖವನ್ನೂ ನೋಡದೆ. "ಇಟ್ಟರ ಕಲ್ಲ ಆಗತೈತಿ. ಹಾಕ್ರಿ."

"ಕುಂದರ್ರಿ, ಚಹಾ ಕುಡದ ಹೋಗ್ರಿ," ಎಂದರು ಅತ್ತೆ. ಕಾಕಾ ಕೂತರು. ಬಹಳ ಹೊತ್ತು ಮಾವನ ಸುದ್ದಿ ಮಾತಾಡಿದರು. ಹೋಗುವಾಗ ಗೌಂಡಿಗೆ, ಮಾಡಿಗೆ ಒಂದು ಗಾಜಿನ ಹೆಂಚು ಹಾಕಿದರೆ ಒಳಗೆ ಬೆಳಕು ಚೆನ್ನಾಗಿರುತ್ತದೆ ಎಂದು ಹೇಳಿಹೋದರು. ಆ ಗಾಜಿನ ಹೆಂಚನ್ನೂ ಅವರೇ ಬೆಳಗಾವಿಯಿಂದ ತರಿಸಿದರು.

ನೆಲ ಪೂರ್ತಿ ಒಣಗುವಷ್ಟರಲ್ಲಿ ನಾದಿನಿಗೆ ಹೆಣ್ಣು ಕೂಸು ಹುಟ್ಟಿತು. ಮೊದಲ ಎಣ್ಣೆನೀರಿನ ದಿನ ಓಣಿಯ ಹೆಂಗಸರೆಲ್ಲ ಬಂದರು, ಕೂಸನ್ನು ನೋಡುವ ನೆಪದಲ್ಲಿ ಬಚ್ಚಲು ನೋಡಲು. ಕಾಕು ಬಾಣಂತಿಗೆ ತಿನ್ನಲೆಂದು ಅಂಟಿನುಂಡಿ ಡಬ್ಬಿ ತಂದಿದ್ದರು. ಅದನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಂಡೆಯಿಂದ ನೀರು ತೋಡುವ ಕೆಲಸ ತಾವೇ ಹಿಡಿದರು. ಹೊತ್ತು ನೆತ್ತಿಗೆ ಬಂದಿತ್ತು. ಕದ ಮುಚ್ಚಿತ್ತು. ಒಳಗಿನಿಂದ ನೀರಿನ ಸಪ್ಪಳ, ಅತ್ತೆಯ ಗದರಿಕೆ, ನಾದಿನಿಯ ನಗು, ಕೂಸಿನ ಅಳು ಎಲ್ಲ ಕೂಡಿ ಬರುತ್ತಿತ್ತು. ಹೊಗೆ ಕೊಳವೆಯಿಂದ ನೆಟ್ಟಗೆ ಆಕಾಶಕ್ಕೆ ಹೋಗುತ್ತಿತ್ತು.

ಬಾಣಂತಿಯನ್ನು ಒಳಗೆ ಮಲಗಿಸಿ ಬಂದ ಮೇಲೆ ಅತ್ತೆ ಬೆವರು ಒರೆಸಿಕೊಳ್ಳುತ್ತ ನನಗೆ, "ಹಂಡೇದಾಗ ಇನ್ನೂ ನೀರು ಅದಾವು. ಹೋಗು, ನೀನೂ ಮಾಡ್ಕೊಂಡ ಬಾ," ಎಂದರು.

"ಈಗರಿ? ನಡು ಮಧ್ಯಾಹ್ನ?"

"ಈಗ. ಅವಸರ ಮಾಡಬ್ಯಾಡ."

ನಾನು ಕದ ಹಾಕಿಕೊಂಡು ಅಗುಳಿ ಜಗ್ಗಿದೆ. ತಲೆಗೆ ಸೀಗೆಕಾಯಿ ಹಚ್ಚಿಕೊಂಡು, ತಂಬಿಗೆ ಮೇಲೆ ತಂಬಿಗೆ ಸುರಿದುಕೊಂಡೆ. ತವರಿನಲ್ಲಿ ಬೀಸುವಾಗ ಹೇಳುತ್ತಿದ್ದ ಹಾಡೊಂದು ಬಾಯಿಗೆ ಬಂತು, ಅದನ್ನೂ ಜೋರಾಗಿಯೇ ಹೇಳಿದೆ. ಹೊರಗೆ ಕೂತಿದ್ದ ಹೆಂಗಸರು ನಗುವುದು ಕೇಳಿಸಿತು. ಆಮೇಲೆ ಅವರಲ್ಲಿ ಒಬ್ಬಳು ಹಾಡಿನ ಮುಂದಿನ ನುಡಿ ಎತ್ತಿಕೊಂಡಳು. ಹಂಡೆಯಲ್ಲಿ ನೀರು ಮುಗಿಯುವವರೆಗೆ ನಾನು ಹೊರಗೆ ಬರಲಿಲ್ಲ.